ಬೀಗರ ಜೊತೆ ಜರ್ಸಿಯ ರಣರಂಗದಲ್ಲಿ

ನಾನು ಸುಮ್ಮನೆ ಕೂತರೂ ತಮಾಷೆ ನನ್ನ ವಿಳಾಸ ಕೇಳಿಕೊಂಡು ಬರುತ್ತದೆ. ಮೈಸೂರಲ್ಲಿ ಜಟಕಾ ಹೊಡೆಯುವಾಗಲೂ ಹಾಗೇ, ಜರ್ಸಿ ಸಿಟಿಯ ಮಗಳ ಮನೆಗೆ ಬಂದಾಗಲೂ ಹಾಗೇ. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬಿದ ಬೇಸಿಗೆ ಅದು. ಅದಕ್ಕಾಗಿ ಇಲ್ಲಿನವರು ಬ್ರಿಟಿಷರ ಜೊತೆ ಕಾದಾಡಿದ ಜಾಗಗಳನ್ನು ಒಂದೇ ದಿನದಲ್ಲಿ ತೋರಿಸುವ ಬಸ್ಸಿಗೆ ಅಳಿಯ ನನಗೂ ತನ್ನ ಅಪ್ಪನಿಗೂ ಸೀಟು ಹಿಡಿದ. ಬೀಗರು ರಿಟೈರಾದ ಹೆಡ್‌ಮಾಸ್ಟರು. ನಾನು ಶಾಲೆಯನ್ನು ಹೊರಗಿನಿಂದ ನೋಡಿದವನು.

ಹೊರಡುವಾಗ ಮಗಳು ಪಕ್ಕಕ್ಕೆ ಕರೆದಳು. "ಅಪ್ಪ, ಮಾವನವರ ಮುಂದೆ ಏನಾದ್ರೂ ಎಡವಟ್ಟು ಮಾಡಿದ್ರೆ ಮುಂದಿನ ವಾರ ನಯಾಗರಕ್ಕೆ ನಿನ್ನ ಕರ್ಕೊಂಡು ಹೋಗಲ್ಲ."

ನಯಾಗರ ನೋಡದೆ ವಾಪಸು ಹೋದರೆ ಜಟಕಾ ಸ್ಟ್ಯಾಂಡಿನಲ್ಲಿ ನನ್ನ ಮಾತಿಗೆ ಕುದುರೆಯೂ ಕಿವಿ ಕೊಡುವುದಿಲ್ಲ. ತುಟಿ ಹೊಲಿದುಕೊಂಡು ಬಸ್ ಹತ್ತಿದೆ.

ಓಡಿದವರಿಗೂ ಬೋರ್ಡು

ಮೊದಲು ಫೋರ್ಟ್ ಲೀ. ಗೈಡಮ್ಮ ಹೇಳಿದ್ದನ್ನು ಬೀಗರು ಕನ್ನಡ ಮಾಡಿದರು: ಬ್ರಿಟಿಷರು ಬಂದರು ಅಂತ ಇವರ ಸೈನ್ಯ ಒಲೆ ಮೇಲಿನ ಪಾತ್ರೆಯನ್ನೂ ಬಿಟ್ಟು ಇಲ್ಲಿಂದ ಓಡಿತಂತೆ. ಅದಕ್ಕೊಂದು ಬೋರ್ಡು, ಬೋರ್ಡಿನ ಮುಂದೆ ಫೋಟೋ. ನಮ್ಮಲ್ಲಿ ವೀರಗಲ್ಲು ಬೇಕಾದರೆ ಸಾಯಬೇಕು, ಇಲ್ಲಿ ಓಡಿದರೆ ಸಾಕು. ನಮ್ಮ ಮುತ್ತಜ್ಜ ಶ್ರೀರಂಗಪಟ್ಟಣದ ಕೋಟೆ ಮೇಲೆ ಬ್ರಿಟಿಷರ ಫಿರಂಗಿ ಗುಂಡನ್ನು ಬರಿಗೈಯಲ್ಲಿ ಹಿಡಿದು, ಬಿಸಿ ಆರುವ ಮುಂಚೆ ಅದರ ಮೇಲೆ ರೊಟ್ಟಿ ಸುಟ್ಟುಕೊಂಡು ತಿಂದವನು. ಇದನ್ನು ಆಯಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿ ಅಂತ ಬೀಗರನ್ನು ಕೇಳಿಕೊಂಡೆ. ಅವರು ಏನೋ ಚುಟುಕಾಗಿ ಹೇಳಿದರು.

ಆಯಮ್ಮ ನನಗೆ ಬಾತ್‌ರೂಮಿನ ದಾರಿ ತೋರಿಸಿದಳು.

ಹಬ್ಬದ ನಿದ್ದೆ

ಟ್ರೆಂಟನ್‌ನಲ್ಲಿ ಇವರು ಗೆದ್ದರಂತೆ. ಹೇಗೆ? ಕ್ರಿಸ್ಮಸ್ ಹಬ್ಬದ ಮಾರನೇ ಬೆಳಿಗ್ಗೆ, ಎದುರಾಳಿಗಳು ತಿಂದು ಕುಡಿದು ಮಲಗಿರುವಾಗ ಮೇಲೆ ಬಿದ್ದು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಇದೂ ಒಂದು ಯುದ್ಧವೇ? ನಮ್ಮಲ್ಲಿ ಒಬ್ಬಟ್ಟಿನ ಊಟ ಮಾಡಿ ಮಲಗಿದವನನ್ನು ಸಾಲ ಕೊಟ್ಟವನು ಕೂಡ ಎಬ್ಬಿಸುವುದಿಲ್ಲ.

ಕೆಂಪು ಕೋಟು

ಕೊನೆಗೆ ಮಾನ್‌ಮತ್ ಬಯಲು. ಉರಿಬಿಸಿಲು, ಊಟಕ್ಕೆ ಕೂರುವ ಮರ ಎಲ್ಲೋ ದೂರ, ಬುತ್ತಿ ಚೀಲ ನನ್ನ ಹೆಗಲಲ್ಲಿ. ಬಸ್ ಇಳಿದರೆ ಎದುರಿಗೇ ಕೆಂಪು ಕೋಟಿನವನೊಬ್ಬ ನಿಂತಿದ್ದಾನೆ. ದೇಶ ಅಂದರೆ ಇದಪ್ಪಾ, ಬಯಲಿಗೂ ರೈಲ್ವೆ ಸ್ಟೇಷನ್ ಥರ ಕೂಲಿ ಇಟ್ಟಿದ್ದಾರಲ್ಲ ಅಂದುಕೊಂಡು, ಚೀಲ ಅವನ ಹೆಗಲಿಗೆ ಏರಿಸಿ, ಮರ ತೋರಿಸಿ, "ಪೋರ್ಟರ್" ಅಂದೆ. ಅವನು ನಕ್ಕು, ಠೀವಿಯಿಂದ ಹೆಜ್ಜೆ ಹಾಕುತ್ತಾ ಹೊರಟ.

ಬೀಗರ ಮುಖ ಬಿಳಿಚಿಕೊಂಡಿತು. "ಬೀಗರೇ, ಅವನು ಕೂಲಿ ಅಲ್ಲ, ಬ್ರಿಟಿಷ್ ಸಿಪಾಯಿ ವೇಷ ಹಾಕಿರೋನು. ಮಾನ ಕಳೆದ್ರಿ. ಸಂಜೆ ಮಗನಿಗೆ ಹೇಳ್ತೀನಿ."

ನಯಾಗರ ನನ್ನ ಕಣ್ಣೆದುರೇ ಬತ್ತಿಹೋಯಿತು. ಇನ್ನು ಕಳೆದುಕೊಳ್ಳುವುದೇನಿದೆ ಅಂತ ಬಾಯಿ ಬಿಟ್ಟೆ. "ಬ್ರಿಟಿಷನಾ? ಇನ್ನೂ ಒಳ್ಳೇದಾಯ್ತು. ನಮ್ಮ ಕೈಲಿ ಎಷ್ಟು ಕಾಲ ಹೊರಿಸಿದ್ರು ಮೇಷ್ಟ್ರೇ? ನಿಮ್ದೂ ಒಂದು ಕೊಡಿ."

ಬೀಗರು ಅತ್ತ ನೋಡಿದರು, ಇತ್ತ ನೋಡಿದರು. ಆಮೇಲೆ ಬಿರಬಿರನೆ ಹೋಗಿ ತಮ್ಮ ಕೊಡೆ, ಕೋಟು, ಥರ್ಮಾಸು ಎಲ್ಲವನ್ನೂ ಸಿಪಾಯಿಯ ಇನ್ನೊಂದು ಹೆಗಲಿಗೆ ಹೇರಿ, ಕೈ ಬೀಸಿಕೊಂಡು ಅವನ ಮುಂದೆ ನಡೆದರು.

ಸಂಜೆ ಮಗಳು ಹೇಗಿತ್ತು ಅಂತ ಕೇಳುವುದೇ ತಡ, ನನಗಿಂತ ಮುಂಚೆ ಮೇಷ್ಟ್ರೇ ಹೇಳಿದರು: "ನಯಾಗರಕ್ಕೆ ಬೀಗರು ಬರಲೇಬೇಕಮ್ಮ. ಆಚೆ ದಡ ಇನ್ನೂ ಬ್ರಿಟಿಷ್ ರಾಣಿಗೆ ಸೇರಿದ್ದಂತೆ. ನನ್ನ ಪೆಟ್ಟಿಗೆ ಭಾರ ಇದೆ."