ನಮ್ಮ ಮಾಳಿಗೆಯ ಗವಾಯಿಗಳ ಹಟ

ಮುಂಬೈಯ ಗ್ರಾಂಟ್ ರೋಡಿನ ನನ್ನ ಖಾನಾವಳಿಯ ಮಾಳಿಗೆಯಲ್ಲಿ ಧಾರವಾಡದ ಗವಾಯಿಗಳೊಬ್ಬರು ಇದ್ದಾರೆ. ಅವರು ಬಂದಾಗಿನಿಂದ ನನ್ನ ತಲೆ ಕೆಡದ ವಾರವಿಲ್ಲ. ಶಾಲೆಗೆ ಹೋಗದೆ, ಅಂಗಡಿ ಬೋರ್ಡು ನೋಡಿ ಓದು ಕಲಿತವಳು ನಾನು. ಇವರನ್ನು ಮಾತ್ರ ಇನ್ನೂ ಓದಲಾಗಿಲ್ಲ.

“ಯುಗಾದಿ ತನಕ ನೋಡ್ತೀನಿ ಅಕ್ಕಾರ. ಹಾಡಾಕ ಯಾರೂ ಕರೀಲಿಲ್ಲಂದ್ರ ತಂಬೂರಿ ತಗೊಂಡು ಊರಿಗೆ ಹೋಗೂದಽ” ಎಂದಿದ್ದರು. ಅಂಥ ದನಿ ವಾಪಸು ಹೋಗುವುದೇ? ಹೆಸರು ಮಾಡಿಸಿಯೇ ತೀರುತ್ತೇನೆಂದು ಟೊಂಕ ಕಟ್ಟಿದೆ.

ಸ್ಟುಡಿಯೋದಲ್ಲಿ

ಅಂಧೇರಿಯಲ್ಲಿ ಉಪ್ಪಿನಕಾಯಿ ಜಾಹೀರಾತಿಗೆ ಒಂದೇ ಸಾಲು ಹಾಡುವ ಕೆಲಸ ಕೊಡಿಸಿದೆ. ಬೆಳಿಗ್ಗೆಯೇ ಹೋದೆವು. ಧಾಟಿ ಕೇಳಿದ ಗವಾಯಿಗಳು ಕೈಮುಗಿದರು.

“ಇದು ಸಂಜಿ ರಾಗ ರೀ. ಹೊತ್ತು ಮುಳುಗಿದ ಮ್ಯಾಲ ಹಾಡ್ತೀನಿ.”

ಸ್ಟುಡಿಯೋದವನು ಜಾಣ. ಕಿಟಕಿಯೇ ಇಲ್ಲದ ಆ ಕೋಣೆಯ ಲೈಟು ಆರಿಸಿ, “ತಗೊಳ್ಳಿ ಸರ್, ಸಂಜೆ ಆಯ್ತು” ಎಂದ.

ಕತ್ತಲಲ್ಲೇ ಉತ್ತರ ಬಂತು: “ಆರಿಸೂದಾದ್ರ ಸೂರ್ಯನ್ನ ಆರಸ್ರಿ.”

ಖಾನಾವಳಿಯಲ್ಲಿ

ಆ ಕೆಲಸ ಹೋಯಿತು. ಮರುದಿನ ಅವರು ಊಟಕ್ಕೆ ಕೂತಾಗ ಚೆನ್ನಾಗಿ ಬೈದೆ. “ಮಂದಿ ಕೇಳಿದ್ದು ಕೊಟ್ರ ನಿಮ್ಮ ಗಂಟೇನು ಹೋಗ್ತದ?”

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಗಿರಾಕಿ, “ಬಾಯಿ, ಪಾವ್‌ಭಾಜಿ ಹೈ ಕ್ಯಾ?” ಎಂದ. ಜೋಳದ ರೊಟ್ಟಿ ಖಾನಾವಳಿಯಲ್ಲಿ ಪಾವ್‌ಭಾಜಿ! ನಾನು ಕೂಗಿದ ರಭಸಕ್ಕೆ ಅವನು ಪಕ್ಕದ ಹೋಟೆಲಿಗೆ ಓಡಿದ.

ಗವಾಯಿಗಳು ರೊಟ್ಟಿ ಮುರಿಯುತ್ತ ಮೆಲ್ಲಗೆ, “ಅಕ್ಕಾರ, ಮಂದಿ ಕೇಳಿದ್ದು ಕೊಟ್ರ…” ಎಂದರು.

“ಸುಮ್ನ ಉಣ್ರಿ” ಎಂದೆ.

ಮದುವೆಯಲ್ಲಿ

ಯುಗಾದಿ ಹತ್ತಿರ ಬಂತು. ಕೊನೆಗೂ ಬೆಳಗಾವಿಯ ವ್ಯಾಪಾರಿಯೊಬ್ಬರು ಮಗಳ ಮದುವೆಯಲ್ಲಿ ಹಾಡಲು ಕರೆದರು. ಮಾಟುಂಗಾದ ಮದುವೆ ಹಾಲ್ ತುಂಬ ನಮ್ಮ ಕಡೆಯ ಜನ. ವರನ ದಿಬ್ಬಣ ಟ್ರಾಫಿಕ್‌ನಲ್ಲಿ ಸಿಕ್ಕಿತ್ತು. ಅದು ಬರುವವರೆಗೆ ಹಾಡಾಗಲಿ ಎಂದು ವಧುವಿನ ತಂದೆ, “ಮೊದಲ ಭೈರವಿ ಹಾಡ್ರಿ. ನನಗ ಭಾಳ ಸೇರ್ತದ” ಎಂದರು.

ಭೈರವಿ ಹಾಡಿದರೆ ಕಚೇರಿ ಮುಗಿದಂತೆ. ಅದರ ಮೇಲೆ ಮತ್ತೊಂದು ರಾಗ ಹಾಡುವುದಿಲ್ಲ. ಗವಾಯಿಗಳು ಹೇಳಿದರು, ವಧುವಿನ ತಂದೆ ಕೇಳಲಿಲ್ಲ. “ನನ್ನ ಸಲುವಾಗಿ ಹೂಂ ಅನ್ರಿ” ಎಂದು ನಾನೂ ಗೋಗರೆದೆ.

ಹಾಡಿದರು. ಎಂಥ ಭೈರವಿ! ಮುಗಿಸಿ, ತಂಬೂರಿಗೆ ಗವಸು ಹಾಕಿದರು. ಸಣ್ಣಂದಿನಿಂದ ಗವಾಯಿಗಳನ್ನು ಕೇಳುತ್ತ ಬೆಳೆದ ಜನ, ರೂಢಿಯಂತೆ ಎದ್ದು ಚಪ್ಪಲಿ ಹುಡುಕಿದರು. ಅರ್ಧ ಮಂದಿ ಊಟದ ಪಂಕ್ತಿಗೆ, ಅರ್ಧ ಮಂದಿ ಲೋಕಲ್ ರೈಲು ಹಿಡಿಯಲು. ವಧುವಿನ ತಂದೆ ನನ್ನ ಮುಖ ನೋಡಿದರು, ನಾನು ಮದುವೆ ಮಾಡಿಸಲು ಕೂತಿದ್ದ ಭಟ್ಟರ ಮುಖ ನೋಡಿದೆ.

ಅದೇ ಹೊತ್ತಿಗೆ ದಿಬ್ಬಣ ಬಂತು. ಚಪ್ಪಲಿ ಮೆಟ್ಟಿ ಹೊರಟ ಜನರನ್ನು ನೋಡಿ ವರನ ತಂದೆ ಬಾಗಿಲಲ್ಲೇ ನಿಂತರು. “ನಾವು ಈಗ ಬಂದೀವಿ. ಮದುವಿ ಯಾರ ಜೋಡಿ ಮುಗೀತು?”

ಎಲ್ಲ ಕೆಟ್ಟಿತು, ಇನ್ನು ಇವರು ಊರು ಸೇರುವುದೇ ಸೈ ಎಂದುಕೊಂಡು ತಿರುಗಿ ನೋಡಿದರೆ, ಗವಾಯಿಗಳ ಮುಖ ಅರಳಿತ್ತು.

“ನೋಡಿದ್ರ್ಯಾ ಅಕ್ಕಾರ? ಭೈರವಿ ಕೇಳಿ ಎದ್ದು ಹೋಗೂ ಮಂದಿ ಮುಂಬೈಯೊಳಗ ಇಷ್ಟು ಅದಾರ! ನಾ ಇನ್ನ ಊರಿಗೆ ಯಾಕ ಹೋಗ್ಲಿ?”