'ಹೋಗಿ ಬರ್ತೀನಿ' ಎಂಬ ದೋಷ

ಸುವಾರ್ತಾ ಸೇವೆಗೆಂದು ಹೊರದೇಶಕ್ಕೆ ಹೋಗುವವರು ಅಲ್ಲಿನ ಮೊದಲ ವರ್ಷದ ಕಷ್ಟಗಳನ್ನೆಲ್ಲ ಇಲ್ಲಿಯೇ ಪಟ್ಟು ಮುಗಿಸಿ ಹೋಗತಕ್ಕದ್ದು ಎಂಬುದು ನಮ್ಮ ಮಿಷನ್ನಿನ ಸಿದ್ಧತಾ ವಿಭಾಗದ ಮೂಲ ನಿಯಮ. ಅದರ ಪ್ರಕಾರ ನಮ್ಮ ನರ್ಸಮ್ಮ ಉಪ್ಪಿಲ್ಲದ ಊಟ ಉಂಡು, ಬೆಂಚಿನ ಮೇಲೆ ಮಲಗಿ, ತಾವು ಹೋಗಬೇಕಾದ ದೇಶದ ಭಾಷೆ ಕಲಿತು ಸಿದ್ಧರಾದರು. ಮನೆಯ ನೆನಪಿನಲ್ಲಿ ಕೊರಗುವ ಅಭ್ಯಾಸಕ್ಕಾಗಿ ಅವರಿಗೆ ತರಬೇತಿ ನಿಲಯದ ಬೀದಿ ಬದಿಯ ಕೋಣೆಯನ್ನೇ ಕೊಡಲಾಗಿತ್ತು. ಕಿಟಕಿ ತೆರೆದರೆ ಎದುರು ಮನೆಯಲ್ಲಿ ಅವರ ಅಮ್ಮ ಬಟ್ಟೆ ಒಣಹಾಕುವುದು ಕಾಣುತ್ತಿತ್ತು. ಮಾತಾಡಿಸುವಂತಿರಲಿಲ್ಲ. ಕೊರಗು ತೃಪ್ತಿಕರವಾಗಿತ್ತು.

ಆ ದೇಶದ ದೂರದ ದ್ವೀಪವೊಂದರ ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಲು ಯಾರೂ ಇಲ್ಲ, ನರ್ಸನ್ನು ಬೇಗ ಕಳಿಸಿ ಎಂದು ಫೋನಿನ ಮೇಲೆ ಫೋನು ಬರುತ್ತಿದ್ದುದರಿಂದ ಬೀಳ್ಕೊಡುಗೆ ಸಭೆ ಏರ್ಪಾಡಾಯಿತು. ನರ್ಸಮ್ಮ ಪೆಟ್ಟಿಗೆ ಹಿಡಿದು ವೇದಿಕೆ ಹತ್ತಿ, ಮುಂದಿನ ಸಾಲಿನಲ್ಲಿದ್ದ ಅಮ್ಮನ ಕಡೆ ತಿರುಗಿದರು.

"ಅಮ್ಮಾ, ಹೋಗಿ ಬರ್ತೀನಿ."

ವಿಭಾಗದ ನಿರ್ದೇಶಕರು ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು. "ಏನಂದ್ರಿ ಸಿಸ್ಟರ್? ಬರ್ತೀರಾ? ವಿಮಾನ ಹತ್ತೋಕೆ ಮುಂಚೆನೇ ಬರೋ ಯೋಚನೆನಾ?"

"ಬಾಯಿಗೆ ಬಂದ್ಬಿಡ್ತು ಸಾರ್. ಎಲ್ಲರೂ ಹಾಗೇ ತಾನೇ ಅನ್ನೋದು?"

"ಜೀವನಾನೇ ಮುಡಿಪಾಗಿಟ್ಟೋರು ಅನ್ನಲ್ಲ. 'ಹೋಗ್ತೀನಿ' ಅನ್ನಿ, ಸಾಕು."

ಅಮ್ಮ ದಡದಡ ವೇದಿಕೆ ಹತ್ತಿದರು. "ಬಿಡ್ತು ಅನ್ನಿ ಸಾರ್! ಹೆತ್ತ ತಾಯಿ ಎದುರಿಗೆ ಯಾರಾದ್ರೂ 'ಹೋಗ್ತೀನಿ' ಅಂತಾರಾ? ಯೇಸುಸ್ವಾಮಿನೇ ಮತ್ತೆ ಬರ್ತೀನಿ ಅಂತ ಹೇಳಿ ಹೋಗ್ಲಿಲ್ವಾ?"

"ಆ ವಿಷಯ ಉಪಸಮಿತಿಯ ಮುಂದಿದೆ" ಎಂದರು ನಿರ್ದೇಶಕರು.

"ಇರ್ಲಿ. ಅಲ್ಲೀವರೆಗೂ ನಾನಿಲ್ಲೇ ಇರ್ತೀನಿ" ಎಂದವರೇ ಅಮ್ಮ ಮಗಳ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ವಿಮಾನ ಹೊರಟುಹೋಯಿತು. ಮರುದಿನ ಪ್ರಕಟಣೆ ಹೊರಬಿತ್ತು: 'ಮರಳಿ ಬರುವ ಇಂಗಿತವುಳ್ಳ ಕ್ರಿಯಾಪದಗಳನ್ನು ಅಭ್ಯರ್ಥಿಗಳು ತ್ಯಜಿಸತಕ್ಕದ್ದು. ತ್ಯಜಿಸುವವರೆಗೆ ತರಬೇತಿಯನ್ನು ವಿಸ್ತರಿಸಲಾಗಿದೆ.' ಅದರಂತೆ ನರ್ಸಮ್ಮ ದಿನಾ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಗೇಟಿನ ತನಕ ನಡೆದು, ಕಾವಲುಗಾರನಿಗೆ "ಹೋಗ್ತೀನಿ" ಎನ್ನಬೇಕಿತ್ತು. ಪಾಪ, ಅಂದರು ಕೂಡ. ಆದರೆ ಕಾವಲುಗಾರ ಪ್ರತಿ ಸಲವೂ "ಹೋಗ್ಬಿಟ್ಟು ಬನ್ನಿ ಸಿಸ್ಟರ್" ಎಂದುಬಿಡುತ್ತಿದ್ದ. ಆ ದಿನದ ಅಭ್ಯಾಸ ರದ್ದಾಗುತ್ತಿತ್ತು. ಕೊನೆಗೆ ಅವನನ್ನೂ ತರಬೇತಿಗೆ ಸೇರಿಸಿಕೊಳ್ಳಲಾಯಿತು.

ವಿಳಂಬದ ಕಾರಣವನ್ನು ಹೆರಿಗೆ ವಾರ್ಡಿಗೆ ಖುದ್ದಾಗಿ ವಿವರಿಸುವುದು ಕರ್ತವ್ಯವಾದ್ದರಿಂದ ನಿರ್ದೇಶಕರು ಪತ್ನೀಸಮೇತರಾಗಿ ದ್ವೀಪಕ್ಕೆ ಹೊರಟರು. ಗೇಟಿನ ಬಳಿ ಪೆಟ್ಟಿಗೆ ಹಿಡಿದು ನಿಂತಿದ್ದ ನರ್ಸಮ್ಮನಿಗೆ ಕಾರಿನ ಕಿಟಕಿಯಿಂದ ಕೈಬೀಸಿ, "ಹೋಗಿ ಬರ್ತೀವಮ್ಮಾ" ಎಂದರು.

"ಸಾರ್, ನೀವೂ ಅದನ್ನೇ ಅಂದ್ರಲ್ಲ!"

"ನಾವು ನಿಜವಾಗ್ಲೂ ಬರ್ತೀವಲ್ಲಮ್ಮಾ. ಸುಳ್ಳು ಹೇಳೋಕಾಗತ್ತಾ?"

ಬಂದರು ಕೂಡ, ಬಿಸಿಲಿಗೆ ಮೈ ಕಪ್ಪಾಗಿಸಿಕೊಂಡು. ಅಲ್ಲಿ ನರ್ಸಿಲ್ಲದಿರುವುದು ಎದ್ದು ಕಾಣುತ್ತದೆ, ಹೆರಿಗೆಗಳು ಮಾತ್ರ ಯಾರಿಗೂ ಕಾಯದೆ ಆಗುತ್ತಿವೆ, ಕೆಲವು ತಾಯಂದಿರು ಉಳಿಯಲಿಲ್ಲ, ಸಮುದ್ರ ಬಹಳ ಚೆನ್ನಾಗಿದೆ ಎಂದು ವರದಿ ಒಪ್ಪಿಸಿದರು.

ಅಷ್ಟರಲ್ಲಿ ಬೀಳ್ಕೊಡುಗೆಯಾಗಿ ವರ್ಷ ತುಂಬಿತು. ಮೊದಲ ವರ್ಷದ ಕಷ್ಟಗಳನ್ನೆಲ್ಲ ಪಟ್ಟು ಮುಗಿಸಿದವರ ಮೊದಲ ವರ್ಷವೇ ಮುಗಿದಿದೆಯೆಂದು ಭಾವಿಸತಕ್ಕದ್ದು ಎಂದು ತೀರ್ಮಾನಿಸಿ, ವಿಭಾಗವು ನರ್ಸಮ್ಮನಿಗೆ ಸ್ವಾಗತ ಸಭೆ ಏರ್ಪಡಿಸಿತು. ಅದೇ ವೇದಿಕೆ, ಅದೇ ಪೆಟ್ಟಿಗೆ. ಕ್ಷೇಮವಾಗಿ ಮರಳಿದ್ದಕ್ಕೆ ಕೃತಜ್ಞತಾ ಪ್ರಾರ್ಥನೆಯಾಯಿತು. ಕಾವಲುಗಾರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಅಮ್ಮ ಬಂದು ಮಗಳ ಕೆನ್ನೆ ಸವರಿದರು. "ಎಷ್ಟು ಸೊರಗಿ ಹೋಗಿದ್ದೀಯೇ! ಆ ದೇಶದಲ್ಲಿ ಊಟ ಸರಿ ಇರ್ಲಿಲ್ವಾ?"

"ಎಲ್ಲಿ ಬಂತಮ್ಮ" ಎಂದರು ನರ್ಸಮ್ಮ. "ಆ ಜನ ಅಡುಗೆಗೆ ಉಪ್ಪೇ ಹಾಕಲ್ಲ."