ಹದಿನೆಂಟು ಡಿಗ್ರಿಯ ವೀಳ್ಯದೆಲೆ

ಕೈಗುಣ ಎಂಬುದರ ಬಗ್ಗೆ ಎಲ್ಲರಿಗೂ ಒಂದೊಂದು ಭ್ರಮೆ ಇದ್ದೇ ಇರುತ್ತದೆ. ಕೆಲವರು ತಾವು ಕಲಸಿದ ಚಿತ್ರಾನ್ನಕ್ಕೇ ಬೇರೆ ರುಚಿ ಎಂದು ನಂಬಿರುತ್ತಾರೆ. ಕೆಲವರು ತಾವು ಬೋಣಿ ಮಾಡಿದರೆ ಅಂಗಡಿಯವನಿಗೆ ಅವತ್ತು ಭರ್ಜರಿ ವ್ಯಾಪಾರ ಎನ್ನುತ್ತಾರೆ. ನನ್ನ ಭ್ರಮೆ ಗಿಡಗಳದ್ದು. ನಾನು ನೆಟ್ಟದ್ದು ಚಿಗುರಿಯೇ ತೀರುತ್ತದೆ ಎಂದು ನಾನು ಬಲವಾಗಿ ನಂಬಿದವನು. ಇದಕ್ಕೆ ಆಧಾರವೇನು ಎಂದು ದಯವಿಟ್ಟು ಕೇಳಬೇಡಿ. ಮೈಸೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ತಾರಸಿಯ ಮೇಲೆ ಚಿಕ್ಕಂದಿನಲ್ಲಿ ಒಮ್ಮೆ ಹಳೆಯ ಪೇಂಟ್ ಡಬ್ಬದಲ್ಲಿ ಮೆಂತ್ಯ ಚೆಲ್ಲಿದ್ದೆ, ಅದು ಮೊಳಕೆಯೊಡೆದಿತ್ತು. ಮೆಂತ್ಯ ಯಾರು ಚೆಲ್ಲಿದರೂ ಮೊಳಕೆಯೊಡೆಯುತ್ತದೆ ಎಂಬ ಸತ್ಯ ತಿಳಿದದ್ದು ಮದುವೆಯಾದ ಮೇಲೆ, ಹೆಂಡತಿ ಶೈಲಾಳಿಂದ. ಅವಳು ಧಾರವಾಡದವಳು. ಸತ್ಯವನ್ನು ಹಾಗೆಲ್ಲ ಬಚ್ಚಿಟ್ಟುಕೊಳ್ಳುವವಳಲ್ಲ.

ಭೂಮಿಯ ದಕ್ಷಿಣ ತುದಿಯ ಈ ದೇಶಕ್ಕೆ ಬಂದ ಮೇಲೆ, ಅಪ್ಪರ್ ಹಟ್‌ನಲ್ಲಿ ನಾವು ನೋಡಲು ಹೋದ ಮನೆಯ ಹಿತ್ತಿಲಲ್ಲಿ ಒಂದು ಹಳೆಯ ಗಾಜಿನ ಮನೆ ಇತ್ತು. ನಾನು ಅದರೊಳಗೆ ಕಾಲಿಟ್ಟವನೇ ಇಲ್ಲಿ ಹೀರೆ, ಅಲ್ಲಿ ಬಸಳೆ, ಆ ಮೂಲೆಗೆ ಪಡವಲ ಎಂದು ಜಾಗ ಹಂಚಿಬಿಟ್ಟೆ. ಅಡುಗೆಮನೆಯ ಕಪಾಟುಗಳನ್ನು ಪರೀಕ್ಷಿಸುತ್ತಿದ್ದ ಶೈಲಾ ಹಿತ್ತಿಲಿಗೆ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಗೃಹಪ್ರವೇಶ ಮುಗಿಸಿದ್ದೆ. ಈ ಕಣಿವೆಯ ಚಳಿಗಾಲದಲ್ಲಿ ಬೆಳಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯದೆ ಯಾರೂ ಕೆಲಸಕ್ಕೆ ಹೋಗುವಂತಿಲ್ಲ. ಅಂಥಲ್ಲಿ ಹೀರೇಬಳ್ಳಿ ಬದುಕೀತೇ? ಹೀಟರ್ ತಂದೆ. ಗಾಜಿಗೆ ಒಳಗಿನಿಂದ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ನಾನು ನೀರಿನ ಪೈಪುಗಳ ಎಂಜಿನಿಯರ್, ಅಳತೆಯಿಲ್ಲದೆ ನನಗೆ ನೆಮ್ಮದಿಯಿಲ್ಲ. ಒಳಗಿನ ಬಿಸಿ ಹದಿನೆಂಟು ಡಿಗ್ರಿಗಿಂತ ಕೆಳಗಿಳಿದರೆ ನನ್ನ ಫೋನು ಕೂಗಿಕೊಳ್ಳುವಂಥ ಥರ್ಮಾಮೀಟರ್ ಒಂದನ್ನು ತೂಗುಹಾಕಿದೆ. ಒಮ್ಮೆ ಆಫೀಸಿನ ಮೀಟಿಂಗಿನ ನಡುವೆ ಅದು ಕೂಗಿತು. ಹೊಸದಾಗಿ ಬಂದಿದ್ದ ಮ್ಯಾನೇಜರಮ್ಮ ಕರುಣೆಯಿಂದ, "ಮಗು ಎದ್ದಿತೇನೋ, ನೀವು ಮನೆಗೆ ಹೋಗಿ" ಎಂದರು. ಮಗುವಲ್ಲ, ಹೀರೇಕಾಯಿ ಎನ್ನುವ ಧೈರ್ಯ ಬರಲಿಲ್ಲ. ಹೊರಟುಬಂದೆ.

ಮೊದಲ ಹೀರೇಹೀಚು ಕಂಡ ದಿನ ನಾನು ಹಾಕಿದ ಕೂಗಿಗೆ ಮಗಳು ಅನ್ವಿ ಬರಿಗಾಲಲ್ಲಿ ಓಡಿಬಂದಳು. ಅವಳಿಗೆ ಹನ್ನೊಂದು ವರ್ಷ. ನಾವು ಕನ್ನಡದಲ್ಲಿ ಗದರಿದರೆ ಅವಳು ಇಂಗ್ಲಿಷಿನಲ್ಲಿ ಮುನಿಸಿಕೊಳ್ಳುತ್ತಾಳೆ. "ವೇರ್? ದಟ್ ಒನ್?" ಎಂದು ಬೆರಳು ಚಾಚಿದಳು. ಹೀಚಿಗೆ ಬೆರಳು ತೋರಿಸಿದರೆ ಕೊಳೆತು ಉದುರಿಹೋಗುತ್ತದೆ, ತೋರಿಸಲೇಬೇಕಿದ್ದರೆ ಬೆರಳು ಮಡಚಿ ತೋರಿಸಬೇಕು ಎಂಬುದು ನಮ್ಮ ಅಜ್ಜಿಯ ಕಾನೂನು. ಎಂಜಿನಿಯರಿಂಗ್ ಓದಿದ ಮೇಲೆ ಇಂಥದ್ದೆಲ್ಲ ಬಿಟ್ಟುಹೋಗಿದೆ ಎಂದುಕೊಂಡಿದ್ದೆ. ಆದರೆ ಆ ಕಿರುಬೆರಳಿನಷ್ಟು ಹೀಚು ನೋಡಿದ್ದೇ ತಡ, ಅಜ್ಜಿ ನನ್ನ ಬಾಯಲ್ಲಿ ಕೂತು, "ಬೆರಳು ಮಡಚು! ಮಡಚು ಅಂದ್ನಲ್ಲ!" ಎಂದು ಅರಚಿದರು. ಅಂದಿನಿಂದ ಗಾಜಿನ ಮನೆಯೊಳಗೆ ಯಾರೂ ಬೆರಳೆತ್ತುವಂತಿರಲಿಲ್ಲ. ಈ ಕಾನೂನೇ ಮುಂದೆ ನನ್ನ ಮಾನ ಕಳೆಯುತ್ತದೆ ಎಂದು ಆಗ ತಿಳಿದಿರಲಿಲ್ಲ.

ಹೀರೇಕಾಯಿ ಬಂತು, ಬಸಳೆ ಚಪ್ಪರ ತುಂಬಿತು. ಆದರೆ ನನ್ನ ಕಣ್ಣಿದ್ದದ್ದು ವೀಳ್ಯದೆಲೆಯ ಮೇಲೆ. ಮೈಸೂರಿನವನಿಗೆ ವೀಳ್ಯದೆಲೆ ಬರೀ ಎಲೆಯಲ್ಲ, ಊರಿನ ಮರ್ಯಾದೆ. ನೂರೆಲೆಯ ಕಟ್ಟಿಗೆ ನಮ್ಮಲ್ಲಿ ಕವಳೆ ಎನ್ನುತ್ತಾರೆ. ಮಾರುಕಟ್ಟೆಯಿಂದ ಕವಳೆ ತರುವುದು ನನ್ನ ಕೆಲಸವಾಗಿತ್ತು. ತಂದದ್ದನ್ನು ನೋಡಿ ಅಮ್ಮ ಬೈಯುವುದು ಪ್ರತಿಸಲದ ಪದ್ಧತಿಯಾಗಿತ್ತು. ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಒಮ್ಮೊಮ್ಮೆ ಎಲೆ ಸಿಗುತ್ತದೆ, ನಮ್ಮಷ್ಟೇ ಪ್ರಯಾಣ ಮಾಡಿ ನಮಗಿಂತ ಹೆಚ್ಚು ಬಾಡಿರುತ್ತದೆ. ಅದರ ಮೇಲೆ ಶ್ರಾವಣ ಬರುವುದು ಇಲ್ಲಿಯ ಕೊರೆಯುವ ಚಳಿಯಲ್ಲಿ. ವರಮಹಾಲಕ್ಷ್ಮಿಯ ಕಲಶಕ್ಕೆ ಮನೆಯಲ್ಲೇ ಬೆಳೆದ ಎಲೆ ಇಡಬೇಕೆಂಬುದು ಶೈಲಾಳ ಆಸೆ. ಮದುವೆಯಾದ ಮೇಲೆ ನಮ್ಮ ಮನೆಯ ಈ ವ್ರತವನ್ನು ಅವಳು ನಮ್ಮಮ್ಮನಿಗಿಂತ ಅಚ್ಚುಕಟ್ಟಾಗಿ ಮಾಡುತ್ತಾಳೆ.

ಕಳೆದ ವರ್ಷದ ಯುಗಾದಿ ಕೂಟದಲ್ಲಿ ಬೆಂಗಳೂರಿನ ಮೂರ್ತಿ ನನ್ನನ್ನು ಕೋಟುಗಳ ಗೂಟದ ಹಿಂದಕ್ಕೆ ಕರೆದೊಯ್ದು ಒಂದು ಮೊಸರಿನ ಡಬ್ಬ ಕೈಗಿತ್ತರು. ಅದರಲ್ಲಿ ಗೇಣುದ್ದದ ಕಡ್ಡಿ, ನಾಲ್ಕು ಎಲೆ. ಹೃದಯದ ಆಕಾರ, ಚೂಪು ತುದಿ, ಬುಡದಿಂದ ಹರಡಿದ ನರಗಳು. ಮುರಿದು ಮೂಸಿದೆ, ಘಾಟು!

"ಯಾರ್ಗೂ ಹೇಳ್ಬೇಡಿ ಸಾರ್. ನಮ್ ಫ್ರೆಂಡ್ ಬಾಡಿಗೆಗಿದ್ದಾನಲ್ಲ, ಆ ಮನೆ ಹಿತ್ಲಲ್ಲಿ ಸಿಕ್ತು."

"ಅಲ್ಲಿಗೆ ಹೇಗೆ ಬಂತು?"

"ಹಿಂದೆ ಇದ್ದೋರು ನಮ್ಮೋರೇ ಇರ್ಬೇಕು ಬಿಡಿ ಸಾರ್."

ಎಂಥ ತರ್ಕ! ಇಬ್ಬರು ಎಂಜಿನಿಯರುಗಳು ಅದನ್ನು ಒಂದೇ ಮಾತಿಗೆ ಒಪ್ಪಿಕೊಂಡೆವು. ನಾನು ಡಬ್ಬವನ್ನು ಮಡಿಲಲ್ಲಿಟ್ಟುಕೊಂಡೆ, ಶೈಲಾ ಕಾರು ಓಡಿಸಿದಳು.

ಹೀಟರಿನ ಎದುರು, ಅತ್ಯುತ್ತಮ ಸ್ಥಾನದಲ್ಲಿ ಅದನ್ನು ನೆಟ್ಟೆ. ಬಂತು ನೋಡಿ! ವಾರಕ್ಕೊಂದು ಎಲೆ, ಆಮೇಲೆ ದಿನಕ್ಕೊಂದು. ನಾನು ಬೆಳಗ್ಗೆ ಹಲ್ಲುಜ್ಜುವ ಮೊದಲು ಅದರ ಮುಖ ನೋಡುತ್ತಿದ್ದೆ. ಫೋಟೋ ತೆಗೆದು ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಹತ್ತು ಜನ ಕೈ ಮುಗಿಯುತ್ತಿದ್ದರು, ಇಬ್ಬರು ಹೊಟ್ಟೆಕಿಚ್ಚಿನಿಂದ ಸುಮ್ಮನಿರುತ್ತಿದ್ದರು. ಒಂದೇ ಒಂದು ಸಣ್ಣ ತೊಡಕು. ಬಳ್ಳಿ ಹಬ್ಬಲಿಲ್ಲ. ಹಂಬಿಗೆ ದಾರ ಕಟ್ಟಿದೆ, ಬಿದಿರಿನ ಏಣಿ ಕೊಟ್ಟೆ, ಅದರ ಟೊಂಗೆಯನ್ನು ನಯವಾಗಿ ಏಣಿಗೆ ಬಿಗಿದೆ. ಅದು ಕೈಕಾಲು ಅಗಲಿಸಿಕೊಂಡು ನಿಂತೇ ಇತ್ತು.

"ಬಳ್ಳಿ ಅಂದ್ರ ಹಬ್ಬಬೇಕಲ್ರೀ? ಇದು ನಿಮ್ಮಂಗ ನಿಂತಲ್ಲೇ ನಿಂತೈತಿ" ಎಂದಳು ಶೈಲಾ.

"ಚಳಿದೇಶ, ಸಂಕೋಚ ಇರುತ್ತೆ" ಎಂದೆ.

ಇನ್ನೊಂದು ಕಾಟ ಹುಳುವಿನದು. ಎಲೆಗಳಲ್ಲಿ ಗುಂಡಗೆ ತೂತು ಕೊರೆಯುವ ಕಂಬಳಿಹುಳುವಿನಂಥ ಒಂದು ಸಣ್ಣ ಪ್ರಾಣಿ. ತೂತಿನ ಎಲೆ ಪೂಜೆಗೆ ಬರುವುದಿಲ್ಲ, ತಾಂಬೂಲಕ್ಕೂ ಅಲ್ಲ. ಟಾರ್ಚು, ಚಿಮಟ ಹಿಡಿದು ಒಂದೊಂದನ್ನೇ ಹುಡುಕಿ ಬೇಲಿಯಾಚೆ ಬಿಡುತ್ತಿದ್ದೆ. ಒಂದು ದಿನ ಅನ್ವಿ ಗಿಡದ ಮುಂದೆ ನಿಂತು ಬೆರಳು ತೋರಿಸಿ, "ಅಪ್ಪಾ, ಐ ನೋ ದಿಸ್ ಒನ್, ಅಟ್ ಸ್ಕೂಲ್ ವೀ" ಎನ್ನುವಷ್ಟರಲ್ಲಿ ನಾನು, "ಬೆರಳು!" ಎಂದು ಗರ್ಜಿಸಿದೆ. ಹುಡುಗಿ ಬೆರಳನ್ನೂ ಮಾತನ್ನೂ ಒಟ್ಟಿಗೇ ಮಡಚಿಕೊಂಡು ಹೋದಳು. ಬೇಸಿಗೆಯ ಹೊತ್ತಿಗೆ ನಾನು ಮೂರು ಮನೆಗಳಿಗೆ ಕಡ್ಡಿ ಕೊಟ್ಟಿದ್ದೆ. ಬರೀ ಕಡ್ಡಿಯಲ್ಲ, ಜೊತೆಗೆ ಅರ್ಧ ಗಂಟೆಯ ಉಪನ್ಯಾಸ. "ಹದಿನೆಂಟು ಡಿಗ್ರಿ. ಒಂದು ಡಿಗ್ರಿ ಕಮ್ಮಿಯಾದರೂ ನನ್ನನ್ನು ಕೇಳಬೇಡಿ."

ಈ ವರ್ಷ ಶ್ರಾವಣ ಬಂತು. ಶೈಲಾ ಊರಿಗೆಲ್ಲ ಸಾರಿಬಿಟ್ಟಿದ್ದಳು. "ಈ ಸಲ ನಮ್ಮನಿ ಹಿತ್ತಲದ ಎಲಿ. ಅಂಗಡಿ ಎಲಿ ಮುಟ್ಟಂಗಿಲ್ಲ ಅಂತ ಹೇಳೇನ್ರೀ ಎಲ್ಲಾರ್ಗೂ. ನನ್ನ ಮಾತು ನಿಮ್ಮ ಕೈಯಾಗ ಐತಿ." ಶುಕ್ರವಾರ ರಜೆ ಹಾಕಿದೆ. ಬೆಳಗ್ಗೆ ಸ್ನಾನ ಮಾಡಿ, ಪಂಚೆಯ ಮೇಲೆ ಜಾಕೆಟ್ ಹಾಕಿಕೊಂಡು, ಬೆಳ್ಳಿಯ ತಟ್ಟೆ ಹಿಡಿದು ಗಾಜಿನ ಮನೆಗೆ ಹೋದೆ. ಶೈಲಾ ರೇಷ್ಮೆ ಸೀರೆಯಲ್ಲಿ ಹಿಂದೆಯೇ ಬಂದಳು. ಮೊದಲ ಎಲೆ ಕಿತ್ತಿರಲಿಲ್ಲ, ಪಕ್ಕದ ಮನೆಯ ಮೇರೆ ಆಂಟಿ ಬೇಲಿಯ ಗೇಟು ತೆರೆದುಕೊಂಡು ಬಂದರು. ನಿವೃತ್ತ ನರ್ಸ್, ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಹೆಂಗಸು. ನಾವು ಕೊಟ್ಟ ಕೋಸಂಬರಿಯ ಡಬ್ಬಿಯನ್ನು ನಿಂಬೆಹಣ್ಣು ತುಂಬಿಸಿ ಹಿಂದಿರುಗಿಸುವವರು. ಬಾಗಿಲಲ್ಲಿ ನಿಂತು ಹೀಟರ್ ನೋಡಿದರು, ಏಣಿ ನೋಡಿದರು, ಏಣಿಗೆ ಕಟ್ಟಿಹಾಕಿದ ಗಿಡವನ್ನು ನೋಡಿದರು. "ಕವಾಕವಾ!" ಎಂದರು.

ನನಗೆ ರೋಮಾಂಚನವಾಯಿತು. "ಹೌದು ಆಂಟಿ, ಕವಳೆ, ಕವಳೆ! ನಿಮಗೆ ಹೇಗೆ ಗೊತ್ತು? ನೂರೆಲೆ ಸೇರಿದರೆ ಒಂದು ಕವಳೆ!"

ಅವರು ಕೆಳಗೆ ಬೋರಲು ಹಾಕಿದ್ದ ಬಕೆಟಿನ ಮೇಲೆ ಕುಳಿತುಬಿಟ್ಟರು. ಹೆಗಲು ಕುಲುಕುತ್ತಿತ್ತು. ನಗು ಮುಗಿದ ಮೇಲೆ ನಿಧಾನವಾಗಿ ವಿವರಿಸಿದರು. ಕವಾಕವಾ ಎಂಬುದು ಈ ನಾಡಿನದೇ ಗಿಡ. ಬಳ್ಳಿಯಲ್ಲ, ಪೊದೆ. ನಮ್ಮ ಬೇಲಿಯ ಹಿಂದಿನ ತೊರೆಯ ಪಕ್ಕದಲ್ಲಿ, ದೊಡ್ಡ ಮರಗಳ ನೆರಳಲ್ಲಿ, ಯಾವ ಹೀಟರೂ ಇಲ್ಲದೆ ಸೊಂಪಾಗಿ ಬೆಳೆದಿದೆ. ಅವರ ಅಜ್ಜಿ ಅದರ ಎಲೆ ಕುದಿಸಿ ಕೆಮ್ಮಿಗೆ ಕೊಡುತ್ತಿದ್ದರು. "ತೂತಿರುವ ಎಲೆಗಳೇ ಒಳ್ಳೆಯವು, ಡಿಯರ್. ಯಾವುದು ಚೆನ್ನಾಗಿದೆ ಎಂದು ಹುಳುವಿಗೆ ಗೊತ್ತಿರುತ್ತದೆ." ನಾನು ಒಂದೂವರೆ ವರ್ಷ ಟಾರ್ಚು ಹಿಡಿದು ಓಡಿಸಿದ್ದು ಪಂಡಿತರನ್ನು!

ಅನ್ವಿ ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ಬಂದಳು. "ಐ ಟ್ರೈಡ್ ಟು ಟೆಲ್ ಯು. ಸ್ಕೂಲಲ್ಲಿ ಇದರಿಂದ ನಾವು ಬಾಮ್ ಮಾಡಿದ್ವಿ. ಯು ಸೆಡ್, ಬೆರಳು ಮಡಚು." ಸಿಟ್ಟಿಗೆ ಅವಳ ಬಾಯಲ್ಲಿ ಕನ್ನಡವೇ ಬಂದುಬಿಟ್ಟಿತು.

ನಾನು ಅಂಗಡಿಗೆ ಫೋನು ಮಾಡಿದೆ. "ಹಬ್ಬದ ದಿನ ಕೇಳಿದರೆ ಎಲ್ಲಿಂದ ತರಲಿ? ನಿನ್ನೆಯೇ ಖಾಲಿ" ಎಂದರು. ಶೈಲಾಳ ಮುಖ ನೋಡಲು ಆಗಲಿಲ್ಲ. ಇಡೀ ಊರಿಗೆ ಸಾರಿದ ಮಾತು ನನ್ನ ಕೈಗುಣದಿಂದಾಗಿ ಮಣ್ಣುಪಾಲಾಗಿತ್ತು. ಅವಳು ಒಂದೆಲೆ ಕಿತ್ತು ಬಾಯಿಗೆ ಹಾಕಿ ಅಗಿದಳು. "ಮೆಣಸಿನಂಗ ಖಾರ ಐತಿ" ಎಂದಳು. ಕವಾಕವಾ, ವೀಳ್ಯದೆಲೆ, ಕರಿಮೆಣಸು ಎಲ್ಲ ಒಂದೇ ಕುಟುಂಬ ಎಂದು ಅನ್ವಿ ಫೋನಿನಲ್ಲಿ ಓದಿ ಹೇಳಿದಳು. "ಹಂಗಾರ ತಂಗಿ ಆತಲ್ಲ" ಎಂದು ಶೈಲಾ ನನ್ನ ಕೈಯ ತಟ್ಟೆ ತೆಗೆದುಕೊಂಡು, ಮೇರೆ ಆಂಟಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಈ ಎಲೆಯನ್ನು ನಮ್ಮ ಲಕ್ಷ್ಮಿಯ ಮುಂದೆ ಇಡಬಹುದೇ ಎಂದು ಕೇಳಿದಳು. ಅವರು ಎದ್ದು ನಿಂತು, ಗಿಡಕ್ಕೆ ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿ, ತಾವೇ ಎಲೆ ಆರಿಸಿ ಕೊಟ್ಟರು. ಎಲ್ಲವೂ ತೂತಿನವೇ.

ಸಂಜೆ ತಾಂಬೂಲ ಕೊಡುವಾಗ ಶೈಲಾ ಎಲ್ಲರಿಗೂ ಮೊದಲೇ ಹೇಳಿಬಿಟ್ಟಳು. "ಇದು ವೀಳ್ಯದೆಲಿ ಅಲ್ರೀ, ಅದರ ತಂಗಿ. ಇಲ್ಲೇ ಹುಟ್ಟಿದಾಕಿ. ನಮ್ಮ ಮನ್ಯಾವ್ರು ತಪ್ಪು ತಿಳಿದು ಸಾಕ್ಯಾರ." ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮೇರೆ ಆಂಟಿ ನಡುವೆ ಕೂತಿದ್ದರು. ಕೋಣೆ ನಗುವಿನಿಂದ ತುಂಬಿಹೋಯಿತು. ಮೂವರು ಮಾತ್ರ ನಗಲಿಲ್ಲ. ನಾನು ಕಡ್ಡಿ ಕೊಟ್ಟಿದ್ದ ಮೂರು ಮನೆಯವರು. ಗಿರಿಜಕ್ಕ ಎದ್ದು ಬಂದು ನನ್ನ ಕಿವಿಯಲ್ಲಿ, "ನಮ್ಮದು ಬಚ್ಚಲುಮನೇಲಿದೆ, ಹೀಟರ್ ಹಾಕ್ಕೊಂಡು. ನಮ್ಮೋರು ಎಂಟು ತಿಂಗಳಿಂದ ಜಿಮ್‌ನಲ್ಲಿ ಸ್ನಾನ ಮಾಡ್ತಿದ್ದಾರೆ" ಎಂದರು. "ಸ್ವಲ್ಪ ಕಮ್ಮಿ ಮಾಡಿ ನೋಡಿ" ಎಂದೆ.

ಮರುವಾರ ಗಿಡವನ್ನು ತೊರೆಯ ಪಕ್ಕದಲ್ಲಿ ನೆಟ್ಟುಬಂದೆ. ಬಂಧುಗಳ ನಡುವೆ ಅದು ಆಗಲೇ ಚಿಗುರಿದೆ. ನೋಡಿ, ನನ್ನ ಕೈಗುಣ! ಮೊನ್ನೆ ಭಾನುವಾರ ಗಾಜಿನ ಮನೆಯಲ್ಲಿ ಸ್ವೆಟರ್ ಬಿಚ್ಚಿಟ್ಟು, ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಶೈಲಾ ಬಾಗಿಲಲ್ಲಿ ನಿಂತಳು.

"ಇನ್ನೂ ಯಾಕ್ರೀ ಹೀಟರ್?"

"ಬಸಳೆಗೆ."

"ಬಸಳಿ ನಿನ್ನೆ ಸಾರಿಗೆ ಹಾಕಿ ಮುಗಿಸೇನಿ."

"ಹೀರೆಗೆ."

"ಹೀರೇಬಳ್ಳಿ ಹೋದ ತಿಂಗಳು ನೀವ ಕಿತ್ತು ಒಗದೀರಿ."

ಅವಳು ಖಾಲಿ ಕುಂಡಗಳ ಸಾಲನ್ನೆಲ್ಲ ನೋಡಿದಳು. ಹದಿನೆಂಟು ಡಿಗ್ರಿ ತೋರಿಸುತ್ತಿದ್ದ ಥರ್ಮಾಮೀಟರ್ ನೋಡಿದಳು. ಕೊನೆಗೆ ಬೆರಳನ್ನು ನೆಟ್ಟಗೆ ನನ್ನ ಕಡೆ ತೋರಿಸಿ, "ಹಂಗಾರ ಇಲ್ಲಿ ಉಳಿದಿರೋ ಗಿಡ ಇದೊಂದ" ಎಂದಳು.

"ಬೆರಳು ಮಡಚು" ಎಂದೆ.